ಗೌಂಡಿಗೆ ಕೂಲಿ ಕೊಡ್ತೀವಿ, ಗೆರೆ ಎಳೆದವರಿಗೆ ಯಾಕಿಲ್ಲ?

ಊರಲ್ಲಿ ಒಂದು ಮನೆ ಏಳುತ್ತದೆ ಎಂದರೆ ಎಷ್ಟು ಜನರ ಕೈಗೆ ದುಡ್ಡು ಸೇರುತ್ತದೆ, ಒಮ್ಮೆ ಲೆಕ್ಕ ಹಾಕಿ ನೋಡಿ. ಪಾಯ ತೋಡುವ ಜೆಸಿಬಿಗೆ ಗಂಟೆ ಲೆಕ್ಕ. ಗೌಂಡಿಗೆ ದಿನಗೂಲಿ, ಅವನ ಕೈಯಾಳಿಗೆ ಬೇರೆ ಕೂಲಿ. ಸೆಂಟ್ರಿಂಗ್‌ನವರಿಗೆ ಚದರಡಿ ಲೆಕ್ಕ. ಬಡಿಗೇರರಿಗೆ, ವೈರಿಂಗ್ ಮಾಡುವವರಿಗೆ, ಪೈಪು ಕೂಡಿಸುವವರಿಗೆ, ಬಣ್ಣ ಹಚ್ಚುವವರಿಗೆ ಅವರವರ ದರ ಇದೆ. ಬಾಗಿಲು ಯಾವ ದಿಕ್ಕಿಗೆ ಇರಬೇಕೆಂದು ಹೇಳಲು ಬರುವ ವಾಸ್ತುವಿನವರಿಗೆ ಎಲೆ ಅಡಿಕೆಯ ಮೇಲೆ ದಕ್ಷಿಣೆ. ಅಲ್ಲಂತೂ ಚೌಕಾಸಿಯೇ ಇಲ್ಲ.

ಆದರೆ ಆ ಮನೆಯ ನಕ್ಷೆ ಬರೆದುಕೊಟ್ಟ ಕಾಲೇಜು ಹುಡುಗನಿಗೆ, ಹುಡುಗಿಗೆ? "ನೀ ನಮ್ಮ ಹುಡುಗಿ ಅಲ್ಲೇನವಾ, ಒಂದು ಪ್ಲ್ಯಾನ್ ಹಾಕಿ ಕೊಡು" ಎಂಬ ಮಾತು. ಮೇಲೊಂದು ಕಪ್ ಚಹಾ. ಅಷ್ಟೇ.

ಈ ಬರಹದಲ್ಲಿ ಹೇಳಬೇಕಾದದ್ದು ಎರಡೇ ಮಾತು. ಒಂದು, ಆರ್ಕಿಟೆಕ್ಚರ್ ಓದುತ್ತಿರುವ ನಮ್ಮ ಹಳ್ಳಿಯ ಮಕ್ಕಳಿಗೆ ಓದಿನ ಜೊತೆಗೇ ಮಾಡಬಹುದಾದ ಡ್ರಾಯಿಂಗ್ ಕೆಲಸ ಬೆಂಗಳೂರಿನಲ್ಲಷ್ಟೇ ಇಲ್ಲ, ನಮ್ಮ ತಾಲ್ಲೂಕು ಊರಿನಲ್ಲೇ ಇದೆ. ಎರಡು, ಆ ಕೆಲಸವನ್ನು ಅವರು ಪುಕ್ಕಟೆ ಮಾಡಬಾರದು, ನಾವೂ ಪುಕ್ಕಟೆ ಮಾಡಿಸಿಕೊಳ್ಳಬಾರದು.

ಈ ಓದು ಯಾವುದು, ಖರ್ಚು ಯಾಕೆ ಹೆಚ್ಚು

"ಏನ್ ಓದಾಕತ್ತೀ?" ಎಂದು ಊರಲ್ಲಿ ಯಾರಾದರೂ ಕೇಳಿ, ಮಗು "ವಾಸ್ತುಶಿಲ್ಪ" ಎಂದರೆ, "ಓ, ವಾಸ್ತು ನೋಡೋದೇನು?" ಎನ್ನುವವರೇ ಹೆಚ್ಚು. ಅದು ಬೇರೆ, ಇದು ಬೇರೆ. ಬಿ.ಆರ್ಕ್ ಎಂಬುದು ಐದು ವರ್ಷದ, ಹತ್ತು ಸೆಮಿಸ್ಟರ್‌ನ ಪದವಿ. ಎಂಜಿನಿಯರಿಂಗ್‌ಗಿಂತ ಒಂದು ವರ್ಷ ಹೆಚ್ಚು. ಸೇರಬೇಕಾದರೆ ಪಿಯುಸಿ ಅಂಕಗಳ ಜೊತೆಗೆ ನಾಟಾ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಐದು ವರ್ಷದಲ್ಲಿ ಒಂದು ಸೆಮಿಸ್ಟರ್ ಯಾವುದಾದರೂ ಆರ್ಕಿಟೆಕ್ಟ್ ಕಚೇರಿಯಲ್ಲಿ ತರಬೇತಿ ಪಡೆಯಬೇಕು.

ಫೀ ಕಟ್ಟಿದರೆ ಖರ್ಚು ಮುಗಿಯಿತು ಎಂದುಕೊಂಡ ಅಪ್ಪ ಅಮ್ಮಂದಿರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಗೊತ್ತಾಗುತ್ತದೆ. ದೊಡ್ಡ ಹಾಳೆಗಳು, ಮೌಂಟ್ ಬೋರ್ಡು, ಮಾಡೆಲ್ ಮಾಡಲು ಫೋಮ್ ಬೋರ್ಡು, ಕಟರ್, ಅಂಟು. ಪ್ರತಿ ಸಬ್ಮಿಷನ್‌ಗೆ ದೊಡ್ಡ ಅಳತೆಯ ಪ್ರಿಂಟು. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಬೇಕು. ಇಪ್ಪತ್ತು ಸಾವಿರದ ಲ್ಯಾಪ್‌ಟಾಪ್‌ನಲ್ಲಿ ಮೂರು ಆಯಾಮದ ಚಿತ್ರ ತೆಗೆಯಲು ಹೋದರೆ ಅದು ರಾತ್ರಿಯಿಡೀ ಬಿಸಿಯಾಗಿ ಬೆಳಗಿನ ಜಾವ ನಿಂತುಬಿಡುತ್ತದೆ. ಇದರ ಮೇಲೆ ಹಾಸ್ಟೆಲ್, ಊಟ, ಬಸ್ಸು, ಸ್ಟಡಿ ಟೂರ್.

ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ, ಸಂಘದ ಸಾಲದಲ್ಲಿ ಓದಿಸುವ ಮನೆಯ ಮಕ್ಕಳಿಗೆ ತಿಂಗಳಿಗೆ ಮೂರು ನಾಲ್ಕು ಸಾವಿರ ರೂಪಾಯಿ ಸ್ವಂತ ದುಡಿಮೆ ಬಂದರೆ ಅದು ಪಾಕೆಟ್ ಮನಿ ಅಲ್ಲ. ಕೋರ್ಸ್ ಅರ್ಧಕ್ಕೆ ಬಿಡುವುದೋ ಮುಗಿಸುವುದೋ ಎನ್ನುವ ಪ್ರಶ್ನೆ ಅದು.

ಕೆಲಸ ಅಂದರೆ ಏನು

ಡ್ರಾಫ್ಟಿಂಗ್ ಎಂದರೆ ಮನೆ ಕಲ್ಪಿಸಿಕೊಳ್ಳುವ ಕೆಲಸ ಅಲ್ಲ. ಎಂಜಿನಿಯರೋ ಆರ್ಕಿಟೆಕ್ಟೋ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದನ್ನು ಅಳತೆಗೆ ಸರಿಯಾಗಿ, ಗೌಂಡಿ ಓದುವಂತೆ, ಬ್ಯಾಂಕು ಮತ್ತು ಪಂಚಾಯ್ತಿ ಒಪ್ಪುವಂತೆ ಬರೆಯುವ ಕೆಲಸ. ನೆಲದ ನಕ್ಷೆ, ಎದುರಿನಿಂದ ಕಾಣುವ ನಕ್ಷೆ, ಮನೆಯನ್ನು ನಡುವೆ ಸೀಳಿದಂತೆ ತೋರಿಸುವ ಸೆಕ್ಷನ್, ಬಾಗಿಲು ಕಿಟಕಿಗಳ ಪಟ್ಟಿ, ಕರೆಂಟ್ ಪಾಯಿಂಟುಗಳು, ಪೈಪಿನ ದಾರಿ. ಪ್ರತಿ ಗೋಡೆಗೂ ಅಳತೆ ಬರೆದಿರಬೇಕು, ಕೂಡಿದರೆ ಲೆಕ್ಕ ಸರಿಬರಬೇಕು.

ಹಿಂದೆ ಇದಕ್ಕೆಂದೇ ಕಚೇರಿಗಳಲ್ಲಿ ಡ್ರಾಫ್ಟ್ಸ್‌ಮನ್‌ಗಳು ಇರುತ್ತಿದ್ದರು. ದೊಡ್ಡ ಮೇಜು, ಟಿ ಸ್ಕ್ವೇರ್, ಟ್ರೇಸಿಂಗ್ ಹಾಳೆ, ಇಂಕು ಪೆನ್ನು. ತಪ್ಪಾದರೆ ಬ್ಲೇಡಿನಲ್ಲಿ ಇಂಕು ಕೆರೆಯಬೇಕಿತ್ತು. ಆ ಮೇಜು ಬಿಟ್ಟು ಆ ಕೆಲಸ ಇರಲಿಲ್ಲ. ಅಮೆರಿಕದಲ್ಲಿ 1982ರಲ್ಲಿ ಆಟೋಕ್ಯಾಡ್ ಎಂಬ ಸಾಫ್ಟ್‌ವೇರ್ ಬಂತು. ಆಮೇಲಿನ ವರ್ಷಗಳಲ್ಲಿ ಮೇಜು ಹೋಗಿ ಕಂಪ್ಯೂಟರ್ ಬಂತು. ಇವತ್ತು ನಕ್ಷೆ ಎಂದರೆ ವಾಟ್ಸಾಪ್‌ನಲ್ಲಿ ಹೋಗುವ ಒಂದು ಫೈಲು. ಅದಕ್ಕಾಗಿಯೇ ಈ ಕೆಲಸ ಈಗ ತುಂಡು ತುಂಡಾಗಿ ಹಂಚಬಹುದಾದ ಕೆಲಸ. ಕಚೇರಿಯಲ್ಲಿ ಎಂಟು ತಾಸು ಕೂರದೆ, ಭಾನುವಾರ ಮನೆಯಲ್ಲಿ ಕುಳಿತೂ ಮಾಡಬಹುದು. ಓದುವವರಿಗೆ ಇಷ್ಟು ಹೊಂದುವ ಕೆಲಸ ಬೇರೆ ಕಡಿಮೆ.

ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಎಂಬ ಎರಡು ವರ್ಷದ ಟ್ರೇಡ್ ಇದೆ. ಅಂದರೆ ಸರಕಾರವೇ ಇದನ್ನು ಕಲಿತು ಮಾಡುವ ಕಸುಬು ಎಂದು ಒಪ್ಪಿದೆ. ಹಾಗಿದ್ದ ಮೇಲೆ ಅದಕ್ಕೆ ಕೂಲಿಯೂ ಇರಲೇಬೇಕಲ್ಲ.

"ಮೊದಲು ಕಲಿ, ಆಮೇಲೆ ದುಡ್ಡು"

ದೊಡ್ಡ ನಗರಗಳಲ್ಲಿ ಕೆಲಸ ಕೇಳಲು ಹೋದ ನಮ್ಮ ಮಕ್ಕಳಿಗೆ ಸಿಗುವ ಮಾಮೂಲಿ ಉತ್ತರ ಇದು. ಆರು ತಿಂಗಳು ಬಂದು ಕೂತು ಕಲಿ, ಸರ್ಟಿಫಿಕೇಟ್ ಕೊಡುತ್ತೇವೆ, ದುಡ್ಡಿನ ಮಾತು ಬೇಡ. ನಮ್ಮ ಪತ್ರಿಕೆಯ ಕಸುಬಿನಲ್ಲೂ ಇದೇ ಜಾಡ್ಯ ಇದೆ. ನಿನ್ನ ಹೆಸರು ಹಾಕುತ್ತೇವಲ್ಲ, ಅದೇ ಸಂಭಾವನೆ ಎನ್ನುತ್ತಾರೆ. ಹೆಸರನ್ನು ಕಿರಾಣಿ ಅಂಗಡಿಯಲ್ಲಿ ಕೊಟ್ಟರೆ ಅಕ್ಕಿ ಕೊಡುವುದಿಲ್ಲ.

ಇದಕ್ಕೆ ದೊಡ್ಡವರ ಉದಾಹರಣೆಯನ್ನೂ ಕೊಡುತ್ತಾರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಐಐಎಂ ಕಟ್ಟಡವನ್ನು ವಿನ್ಯಾಸ ಮಾಡಿದ ಬಾಲಕೃಷ್ಣ ದೋಷಿ 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದವರು. ವಾಸ್ತುಶಿಲ್ಪದಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಅವರು 1950ರ ದಶಕದ ಆರಂಭದಲ್ಲಿ ಪ್ಯಾರಿಸ್‌ಗೆ ಹೋಗಿ ಲೆ ಕಾರ್ಬುಸಿಯೆ ಎಂಬ ಹೆಸರಾಂತ ವಾಸ್ತುಶಿಲ್ಪಿಯ ಬಳಿ ಮೊದಲ ಎಂಟು ತಿಂಗಳು ಸಂಬಳವಿಲ್ಲದೆ ದುಡಿದರು. ಇದು ನಿಜ, ಗೌರವದ ಮಾತೂ ಹೌದು. ಆದರೆ ಒಬ್ಬರು ಪಟ್ಟ ಕಷ್ಟ ಎಲ್ಲರಿಗೂ ಕಾನೂನಾಗಬಾರದು. ಎಂಟು ತಿಂಗಳು ಸಂಬಳವಿಲ್ಲದೆ ಬದುಕಲಾರದವರ ಗತಿ ಏನು? ಅವರಲ್ಲೂ ದೋಷಿಯಂಥವರು ಇರಬಹುದಲ್ಲ? ಅವರು ಬಾಗಿಲವರೆಗೆ ಬಂದು ಹಿಂದಿರುಗಿ ಹೋದದ್ದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಪುಕ್ಕಟೆ ದುಡಿಮೆಯಿಂದ ಆಗುವ ನಿಜವಾದ ನಷ್ಟ ಇದು. ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರ ಮಕ್ಕಳು ಆರು ತಿಂಗಳು ಪುಕ್ಕಟೆ ದುಡಿದು ಒಳ್ಳೆಯ ಕಚೇರಿಯ ಹೆಸರು ತಮ್ಮ ಅರ್ಜಿಗೆ ಸೇರಿಸಿಕೊಳ್ಳುತ್ತಾರೆ. ಪಿ.ಜಿ. ಬಾಡಿಗೆ ಕಟ್ಟಬೇಕಾದವರು ಆಗುವುದಿಲ್ಲ ಎಂದು ಬಿಡುತ್ತಾರೆ. ಜಾಣತನ ಇಬ್ಬರಿಗೂ ಸಮ, ಹಿಂದೆ ಬಿದ್ದವರು ಮಾತ್ರ ನಮ್ಮವರು. ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆಯು ತನ್ನ ಪಟ್ಟಿಯಲ್ಲಿರುವ ಕಚೇರಿಗಳು ವಿದ್ಯಾರ್ಥಿಗಳಿಗೆ ಕನಿಷ್ಠ ವೇತನವನ್ನಾದರೂ ಕೊಡಲೇಬೇಕೆಂದು 2011ರಲ್ಲೇ ನಿಯಮ ಮಾಡಿತು. ಅಂದರೆ ಇದು ಹಳ್ಳಿಯವರ ಗೊಣಗಾಟ ಅಲ್ಲ. ಜಗತ್ತಿನ ಬೇರೆ ಕಡೆಯವರೂ ಇದು ಸರಿಯಲ್ಲ ಎಂದು ಒಪ್ಪಿದ್ದಾರೆ.

ಕಚೇರಿ ನಡೆಸುವವರ ಮಾತಿನಲ್ಲೂ ಸತ್ಯ ಇದೆ, ಅದನ್ನು ಮುಚ್ಚಿಡಬಾರದು. ಮೊದಲ ಎರಡು ವಾರ ಹೊಸಬರು ಮಾಡಿದ ಡ್ರಾಯಿಂಗನ್ನು ಇನ್ನೊಬ್ಬರು ತಿದ್ದಲೇಬೇಕು. ಅದು ಅವರ ಸಮಯ. ಅದಕ್ಕೆ ದಾರಿ ಇದೆ. ಎರಡು ವಾರ ಕಡಿಮೆ ದರಕ್ಕೆ ಪರೀಕ್ಷೆಗೆ ಇಟ್ಟುಕೊಳ್ಳಲಿ, ಆಮೇಲಿನ ದರವನ್ನು ಮೊದಲ ದಿನವೇ ಹೇಳಲಿ. ಗ್ಯಾರೇಜಿಗೆ ಸೇರಿದ ಹುಡುಗನಿಗೂ ಮೊದಲ ವಾರದಿಂದ ಊಟದ ಖರ್ಚಾದರೂ ಕೊಡುತ್ತಾರೆ.

ಕೆಲಸ ಎಲ್ಲಿದೆ

ನಮ್ಮ ಮಕ್ಕಳು ಕೆಲಸ ಹುಡುಕುವಾಗ ಮೊದಲು ಮೊಬೈಲ್ ತೆಗೆದು ಬೆಂಗಳೂರಿನ ಹೆಸರಾಂತ ಕಚೇರಿಗಳಿಗೆ ಮೇಲ್ ಕಳಿಸುತ್ತಾರೆ. ಉತ್ತರ ಬರುವುದಿಲ್ಲ. ಬಂದರೂ ಪಾರ್ಟ್‌ಟೈಮ್ ಇಲ್ಲ ಎಂದು ಬರುತ್ತದೆ. ಮನಸ್ಸು ಕುಗ್ಗುತ್ತದೆ.

ಅದರ ಬದಲು ಒಂದು ದಿನ ನಿಮ್ಮ ತಾಲ್ಲೂಕು ಊರಿನ ಪುರಸಭೆಯ ಸುತ್ತ, ತಹಶೀಲ್ದಾರ್ ಕಚೇರಿಯ ಎದುರಿನ ಓಣಿಯಲ್ಲಿ ನಡೆದು ನೋಡಿ. ಬಾಂಡ್ ಪೇಪರ್, ಜೆರಾಕ್ಸ್ ಅಂಗಡಿಗಳ ಮಧ್ಯೆ, ಮೆಟ್ಟಿಲು ಹತ್ತಿದರೆ ಮೇಲೆ ಸಿವಿಲ್ ಎಂಜಿನಿಯರ್‌ಗಳ ಚಿಕ್ಕ ಕಚೇರಿಗಳಿರುತ್ತವೆ. ಪ್ಲ್ಯಾನ್, ಎಸ್ಟಿಮೇಟ್, ವ್ಯಾಲ್ಯುಯೇಷನ್ ಎಂದು ಬೋರ್ಡ್ ಬರೆದಿರುತ್ತಾರೆ. ಅವರಿಗೆ ಕೆಲಸ ಬರುವುದು ಗೃಹಸಾಲ ಕೇಳುವವರಿಂದ, ಕಟ್ಟಡ ಪರವಾನಗಿ ಬೇಕಾದವರಿಂದ. ಹಳ್ಳಿಯಲ್ಲಿ ಮನೆ ಕಟ್ಟಲೂ ಗ್ರಾಮ ಪಂಚಾಯ್ತಿಯ ಅನುಮತಿ ಬೇಕು ಎಂದು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಹೇಳುತ್ತದೆ. ಹಾಗಾಗಿ ನಕ್ಷೆಗೆ ಬೇಡಿಕೆ ಹಳ್ಳಿಯಿಂದಲೇ ಹುಟ್ಟುತ್ತದೆ. ಈ ಎಂಜಿನಿಯರ್‌ಗಳು ಬೆಳಿಗ್ಗೆಯಿಂದ ಸೈಟಿನಲ್ಲಿರುತ್ತಾರೆ, ರಾತ್ರಿ ಕುಳಿತು ಡ್ರಾಯಿಂಗ್ ಮಾಡಲು ಅವರಿಗೆ ಪುರುಸೊತ್ತು ಇರುವುದಿಲ್ಲ. ಅಳತೆ ತಪ್ಪದೆ ಗೆರೆ ಎಳೆಯುವ ಒಂದು ಜೊತೆ ಕೈ ಅವರಿಗೆ ಬೇಕೇ ಬೇಕು.

ಅವರು ಮಾತ್ರವಲ್ಲ. ಗೇಟು, ಗ್ರಿಲ್ಲು, ಶೆಡ್ಡು ಮಾಡುವ ಫ್ಯಾಬ್ರಿಕೇಷನ್ ಅಂಗಡಿಗಳಿಗೆ ಗಿರಾಕಿಗೆ ತೋರಿಸಲು ಚಿತ್ರ ಬೇಕು. ಅಡುಗೆಮನೆ ಕಪಾಟು, ವಾರ್ಡ್‌ರೋಬ್ ಮಾಡುವವರಿಗೆ ಪ್ಲೈವುಡ್ ಕತ್ತರಿಸುವ ಮೊದಲು ಅಳತೆಯ ನಕ್ಷೆ ಬೇಕು. ಹಳೆಯ ವಾಡೆ, ಗುಡಿ, ಮಠ ದುರಸ್ತಿ ಮಾಡಿಸುವವರಿಗೆ ಇರುವ ಕಟ್ಟಡವನ್ನು ಅಳೆದು ಕಾಗದಕ್ಕೆ ಇಳಿಸುವವರು ಬೇಕು. ಕಟ್ಟಡ ಅಳೆದು ಬರೆಯುವುದನ್ನು ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲೇ ಕಲಿಸುತ್ತಾರೆ. ಟೇಪು ಹಿಡಿದು ಗೋಡೆಯ ಮೂಲೆಯಿಂದ ಮೂಲೆಗೆ ಕರ್ಣ ಅಳೆದು ಕೋಣೆ ಚೌಕವಾಗಿದೆಯೋ ಇಲ್ಲವೋ ಎಂದು ಹೇಳಬಲ್ಲವರು ಅವರು.

ಹುಬ್ಬಳ್ಳಿಯಲ್ಲಿ ಓದುವ ನಮ್ಮ ಕಾಕನ ಮಗಳು ಕಳೆದ ಬೇಸಿಗೆ ರಜೆಯಲ್ಲಿ ಮಾಡಿದ್ದು ಇದನ್ನೇ. ಮೂರು ಕಚೇರಿ ಹತ್ತಿಳಿದಳು. ಮೊದಲನೆಯವರು ಆಮೇಲೆ ನೋಡೋಣ ಎಂದರು. ಎರಡನೆಯವರು ಪುಕ್ಕಟೆ ಕಲಿಯುವುದಾದರೆ ಬಾ ಎಂದರು. ಮೂರನೆಯವರು ಒಂದು ಸ್ಕೆಚ್ ಕೊಟ್ಟು "ಇದನ್ನ ಸಂಜೀಕ ಮಾಡಿ ತಾ ತಂಗಿ" ಎಂದರು. ಮಾಡಿ ಒಯ್ದಳು. ಈಗ ಕಾಲೇಜು ನಡೆಯುವಾಗಲೂ ವಾರಕ್ಕೆ ಒಂದೆರಡು ಹಾಳೆಯ ಕೆಲಸ ಮೇಲ್‌ನಲ್ಲಿ ಬರುತ್ತದೆ. ಹೆಣ್ಣುಮಕ್ಕಳನ್ನು ಪರಊರಿನಲ್ಲಿ ಸಂಜೆ ಹೊತ್ತು ಕೆಲಸಕ್ಕೆ ಕಳಿಸಲು ಹಿಂಜರಿಯುವ ಮನೆಗಳಿಗೆ ಇದು ಗಮನಿಸಬೇಕಾದ ವಿಷಯ. ರಜೆಯಲ್ಲಿ ಊರಿನ ಹತ್ತಿರವೇ ಹೋಗಿ ಬರಬಹುದು, ಉಳಿದ ದಿನ ಹಾಸ್ಟೆಲಿನಲ್ಲೇ ಕುಳಿತು ಮಾಡಬಹುದು.

ಕೇಳುವುದು ಹೇಗೆ

ಬರಿಗೈಯಲ್ಲಿ ಹೋಗಿ "ಸರ್, ಕೆಲಸ ಇದೆಯಾ" ಎಂದರೆ ಯಾರೂ ತಲೆ ಎತ್ತುವುದಿಲ್ಲ. ನಿಮ್ಮ ಮನೆಯನ್ನೇ ಟೇಪಿನಲ್ಲಿ ಅಳೆದು ನಕ್ಷೆ, ಸೆಕ್ಷನ್, ಎದುರು ನೋಟ ಬರೆದ ಎರಡು ಎ3 ಹಾಳೆ ತೆಗೆದುಕೊಂಡು ಹೋಗಿ. ಕಾಲೇಜಿನಲ್ಲಿ ಮಾಡಿದ ಮ್ಯೂಸಿಯಂ, ವಿಮಾನ ನಿಲ್ದಾಣದ ಬಣ್ಣದ ಚಿತ್ರಗಳು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕೂರಿಸಲು ಬರುತ್ತದೆಯೇ, ಅಡಿ ಇಂಚಿನಲ್ಲಿ ಅಳತೆ ಬರೆಯಲು ಬರುತ್ತದೆಯೇ, ಇಷ್ಟೇ ಅವರು ನೋಡುವುದು. ಕಾಲೇಜಿನಲ್ಲಿ ಮಿಲಿಮೀಟರ್‌ನಲ್ಲಿ ಕಲಿತಿರುತ್ತೀರಿ, ಸೈಟಿನಲ್ಲಿ ಗೌಂಡಿ ಅಡಿ ಇಂಚು ಕೇಳುತ್ತಾನೆ. ಎರಡೂ ಬಾಯಿಗೆ ಬರಬೇಕು. 230 ಮಿಲಿಮೀಟರ್ ಎಂದರೆ ಒಂಬತ್ತು ಇಂಚಿನ ಗೋಡೆ, ಒಂದು ಗುಂಟೆ ಎಂದರೆ 1089 ಚದರಡಿ. ಇಂಥವು ತಡವರಿಸದೆ ಬಂದರೆ ಅರ್ಧ ಕೆಲಸ ಸಿಕ್ಕಂತೆ.

ಯಾವ ದಿನ ಎಷ್ಟು ಹೊತ್ತು ಬಿಡುವಿದೆ ಎಂದು ಮೊದಲೇ ಹೇಳಿ. ಜ್ಯೂರಿ ಮತ್ತು ಪರೀಕ್ಷೆಯ ವಾರಗಳಲ್ಲಿ ಆಗುವುದಿಲ್ಲ ಎನ್ನುವುದನ್ನೂ ಹೇಳಿ. ಮೊದಲ ವರ್ಷದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಕೈ ಪಳಗಲಿ. ಎರಡನೇ ವರ್ಷ ಮುಗಿದ ರಜೆ ಸರಿಯಾದ ಸಮಯ. ಕಾಲೇಜು ನಡೆಯುವಾಗ ವಾರಕ್ಕೆ ಹತ್ತು ಹನ್ನೆರಡು ತಾಸು ಮೀರಿದರೆ ಓದು ಕೆಡುತ್ತದೆ. ಒಂದು ವಿಷಯ ಫೇಲಾದರೆ ದುಡಿದದ್ದಕ್ಕಿಂತ ಕಳೆದದ್ದೇ ಹೆಚ್ಚು.

ದರ ಎಷ್ಟು? ಗೌಂಡಿಯ ಕೂಲಿಯೇ ಅಳತೆಗೋಲು

ಎಷ್ಟು ಕೇಳಬೇಕು ಎಂದು ಗೊತ್ತಾಗದೆ ಮಕ್ಕಳು "ನೀವೇ ನೋಡಿ ಕೊಡ್ರಿ ಸರ್" ಎಂದುಬಿಡುತ್ತಾರೆ. ಹಾಗೆ ಹೇಳಿದವರಿಗೆ ಸಿಗುವುದು ಚಹಾ ಮಾತ್ರ.

ನನ್ನ ಪ್ರಕಾರ ಒಂದು ಸುಲಭ ಲೆಕ್ಕ ಇದೆ. ನಿಮ್ಮೂರಿನ ಗೌಂಡಿಯ ದಿನಗೂಲಿ ಎಷ್ಟು? ಅದನ್ನು ಎಂಟರಿಂದ ಭಾಗಿಸಿ. ಅದೇ ನಿಮ್ಮ ಒಂದು ತಾಸಿನ ಕನಿಷ್ಠ ದರ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಲೆಕ್ಕಕ್ಕೆಂದು 800 ರೂಪಾಯಿ ಎಂದುಕೊಳ್ಳಿ, ತಾಸಿಗೆ 100 ಆಯಿತು. ಒಂದು ಚಿಕ್ಕ ಮನೆಯ ನಕ್ಷೆಗೆ ಜಾಗ ಅಳೆಯಲು ಎರಡು ತಾಸು, ಬರೆಯಲು ಆರು ತಾಸು, ತಿದ್ದುಪಡಿಗೆ ನಾಲ್ಕು ತಾಸು ಹಿಡಿದರೆ ಹನ್ನೆರಡು ತಾಸು. 1200 ರೂಪಾಯಿ. ಆ ಮನೆಗೆ ಹನ್ನೆರಡು ಲಕ್ಷ ಖರ್ಚಾಗುತ್ತದೆ ಎಂದರೆ ನಕ್ಷೆ ಬರೆದ ಕೂಲಿ ಸಾವಿರಕ್ಕೆ ಒಂದು ರೂಪಾಯಿ. ಇದನ್ನು ದುಬಾರಿ ಎನ್ನುವವರು ಯಾರು?

ಇಷ್ಟೂ ಮಾತು ವಾಟ್ಸಾಪ್‌ನಲ್ಲಿ ಬರೆದಿರಲಿ. ಎಷ್ಟು ಹಾಳೆ, ಎಷ್ಟು ದುಡ್ಡು, ಯಾವ ದಿನಕ್ಕೆ, ಎಷ್ಟು ಸಲ ತಿದ್ದಿಕೊಡುತ್ತೀರಿ. ಎರಡು ಸಲ ತಿದ್ದುಪಡಿ ಇದರಲ್ಲೇ, ಮೂರನೆಯದಕ್ಕೆ ಬೇರೆ ದುಡ್ಡು ಎಂದು ಮೊದಲೇ ಹೇಳಿದರೆ ಮನಸ್ತಾಪ ಇಲ್ಲ. ಮನೆ ಕಟ್ಟುವವರು ದೇವರಮನೆಯನ್ನು ಈ ಮೂಲೆಯಿಂದ ಆ ಮೂಲೆಗೆ ಏಳು ಸಲ ಸರಿಸುತ್ತಾರೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಅರ್ಧ ಹಣ ಮುಂಗಡ ಕೇಳಿ. ಪೂರ್ತಿ ಹಣ ಬರುವವರೆಗೆ ಪಿಡಿಎಫ್ ತೋರಿಸಿ, ಮೂಲ ಕ್ಯಾಡ್ ಫೈಲು ನಿಮ್ಮ ಬಳಿಯೇ ಇರಲಿ.

ದಾಟಬಾರದ ಗೆರೆಗಳು

ಪಾರ್ಟ್‌ಟೈಮ್ ಕೆಲಸ ಮಾಡಿ ಎನ್ನುವಾಗ ಎಚ್ಚರಿಕೆಯನ್ನೂ ಹೇಳಬೇಕು.

ಮೊದಲನೆಯದು, ನಿಮ್ಮನ್ನು ನೀವು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬೇಡಿ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರಿಗೆ ಮಾತ್ರ ಆ ಹೆಸರು. ಈ ಕಾಯ್ದೆ ಕಾಯುವುದು ಹೆಸರನ್ನು, ನೋಂದಣಿ ಇಲ್ಲದವರು ವಿನ್ಯಾಸದ ಕೆಲಸ ಮಾಡುವುದನ್ನೇ ಅದು ತಡೆಯುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಕ್ಷೆ ಬರೆದುಕೊಡುವುದು ತಪ್ಪಲ್ಲ, ವಿಸಿಟಿಂಗ್ ಕಾರ್ಡಿನಲ್ಲಿ ಆರ್ಕಿಟೆಕ್ಟ್ ಎಂದು ಹಾಕಿಸುವುದು ತಪ್ಪು.

ಎರಡನೆಯದು, ಕಂಬ, ತೊಲೆ, ಕಬ್ಬಿಣದ ಲೆಕ್ಕ ನಿಮ್ಮದಲ್ಲ. ಯಾವ ಕಂಬಕ್ಕೆ ಎಷ್ಟು ಸರಳು ಎಂದು ಗೌಂಡಿ ಕೇಳಿದರೆ "ಎಂಜಿನಿಯರ್ ಕೇಳ್ರಿ" ಎನ್ನಿ. ಇದು ಜನರ ತಲೆ ಮೇಲಿನ ಸ್ಲ್ಯಾಬಿನ ಪ್ರಶ್ನೆ. ಪರವಾನಗಿಯ ನಕ್ಷೆಗೆ ಸಹಿ ಹಾಕಬೇಕಾದವರು ಅರ್ಹತೆ ಇರುವವರು. ನೀವು ಬರೆದದ್ದನ್ನು ಅವರು ಓದದೆ ಸಹಿ ಹಾಕಿ ಕೊಡುವ ಕಚೇರಿಯಾದರೆ ಅಲ್ಲಿ ಹೆಚ್ಚು ದಿನ ಇರಬೇಡಿ.

ಮೂರನೆಯದು, ಸಾಫ್ಟ್‌ವೇರ್. ಆಟೋಕ್ಯಾಡ್ ವಿದ್ಯಾರ್ಥಿಗಳಿಗೆ ಹಣವಿಲ್ಲದೆ ಸಿಗುತ್ತದೆ, ಆದರೆ ಅದು ಓದಿಗೆ ಮಾತ್ರ. ದುಡಿಮೆಗೆ ಬಳಸುವಂತಿಲ್ಲ. ಕಚೇರಿಯ ಕಂಪ್ಯೂಟರ್‌ನಲ್ಲಿ ಅವರ ಸಾಫ್ಟ್‌ವೇರ್ ಬಳಸಿ, ಇಲ್ಲವೇ ಲಿಬ್ರೆಕ್ಯಾಡ್, ಫ್ರೀಕ್ಯಾಡ್‌ನಂಥವನ್ನು ಕಲಿಯಿರಿ. ಮೂರು ಆಯಾಮದ ಚಿತ್ರಕ್ಕೆ ಬ್ಲೆಂಡರ್ ಇದೆ. ಇವಕ್ಕೆ ದುಡ್ಡು ಕೊಡಬೇಕಿಲ್ಲ, ಇವುಗಳಲ್ಲಿ ದುಡಿದರೂ ಯಾರೂ ಕೇಳುವುದಿಲ್ಲ.

ನಾಲ್ಕನೆಯದು, ಮೋಸ. ಕೆಲಸ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ, ಡೆಪಾಸಿಟ್ ಕಟ್ಟಿ ಎಂದು ಟೆಲಿಗ್ರಾಂನಲ್ಲಿ, ವಾಟ್ಸಾಪ್‌ನಲ್ಲಿ ಬಂದರೆ ಅದು ಕೆಲಸ ಅಲ್ಲ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಇನ್ನೊಂದು ರೀತಿಯೂ ಇದೆ. ಸ್ಯಾಂಪಲ್ ನೋಡಬೇಕು ಎಂದು ಹತ್ತು ಹಾಳೆ ಮಾಡಿಸಿಕೊಂಡು ಮಾಯವಾಗುವುದು. ಸ್ಯಾಂಪಲ್ ಎಂದರೆ ಒಂದು ಹಾಳೆ, ಅಷ್ಟೇ.

ಮನೆ ಕಟ್ಟುವವರಿಗೆ ಒಂದು ಮಾತು

ಈಗ ನಮ್ಮ ಸರದಿ. "ನಮ್ಮಪ್ಪ ಕಟ್ಟಿಸುವಾಗ ಯಾವ ಪ್ಲ್ಯಾನ್ ಇತ್ತು? ಗೌಂಡಿ ನೆಲದ ಮೇಲೆ ಸುಣ್ಣದ ಗೆರೆ ಹಾಕಿದ, ಕಟ್ಟಿದ" ಎನ್ನುವವರು ಇದ್ದಾರೆ. ನಿಜ. ಆ ಮನೆಗಳು ಒಂದೇ ಅಂತಸ್ತಿನವು. ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ. ಗೌಂಡಿಗೆ ನೂರು ಸಲ ಕಟ್ಟಿ ಬಾಯಿಪಾಠ ಆಗಿದ್ದ ಮನೆ. ಈಗ ನಾವು ಕಟ್ಟುವುದು ಒಳಗೇ ಬಚ್ಚಲು, ಮೇಲೊಂದು ಅಂತಸ್ತು, ಟ್ಯಾಂಕು, ಕಾರಿಗೆ ಜಾಗ ಇರುವ ಮನೆ. ಅದು ಬಾಯಿಪಾಠದಲ್ಲಿ ಬರುವುದಿಲ್ಲ.

ಒಂದು ಉದಾಹರಣೆ ನೋಡಿ. ಹತ್ತು ಅಡಿಯ ಕೋಣೆ ಬೇಕು ಎನ್ನುತ್ತೀರಿ. ಗೌಂಡಿ ಹೊರಗಿನಿಂದ ಹತ್ತು ಅಡಿ ಹಿಡಿದರೆ, ಎರಡೂ ಬದಿಯ ಒಂಬತ್ತು ಇಂಚಿನ ಗೋಡೆ ಕಳೆದು ಒಳಗೆ ಉಳಿಯುವುದು ಎಂಟೂವರೆ ಅಡಿ. ಆರೂವರೆ ಅಡಿಯ ಮಂಚ ಹಾಕಿದ ಮೇಲೆ ಎರಡಡಿ ಉಳಿಯುತ್ತದೆ. ಕಪಾಟಿನ ಬಾಗಿಲು ತೆರೆದರೆ ಮಂಚಕ್ಕೆ ತಾಗುತ್ತದೆ. ಒಳಗೆ ಹತ್ತಡಿ ಬೇಕೆಂದರೆ ಹೊರಗೆ ಹನ್ನೊಂದೂವರೆ ಅಡಿ ಹಿಡಿಯಬೇಕು. ಈ ಒಂದು ಸಂಖ್ಯೆ ಹಾಳೆಯ ಮೇಲೆ ಬರೆದಿದ್ದರೆ ಜಗಳವೇ ಇಲ್ಲ.

ಇನ್ನೊಂದು, ಮೆಟ್ಟಿಲು. ಒಂದು ಅಂತಸ್ತಿನ ಎತ್ತರ ಹತ್ತು ಅಡಿ ಎಂದರೆ 120 ಇಂಚು. ವಯಸ್ಸಾದವರು ಸುಲಭವಾಗಿ ಹತ್ತುವಂತೆ ಆರು ಇಂಚಿನ ಮೆಟ್ಟಿಲು ಮಾಡಿದರೆ ಇಪ್ಪತ್ತು ಮೆಟ್ಟಿಲು ಬೇಕು. ಹೆಜ್ಜೆ ಇಡಲು ತಲಾ ಹತ್ತು ಇಂಚು ಹಿಡಿದರೆ ನೇರ ಮೆಟ್ಟಿಲಿಗೆ ಸುಮಾರು ಹದಿನಾರು ಅಡಿ ಉದ್ದ ಬೇಕು. ನಡುವೆ ಮಡಚಿ ತಿರುಗಿಸಿದರೂ ಹತ್ತೂವರೆ ಅಡಿ ಉದ್ದ, ಆರೂವರೆ ಅಡಿ ಅಗಲದ ಜಾಗ ಬೇಕು. ಪಾಯ ಹಾಕುವಾಗ ಇಷ್ಟು ಜಾಗ ಬಿಟ್ಟಿಲ್ಲದಿದ್ದರೆ ಗೌಂಡಿ ಏನು ಮಾಡುತ್ತಾನೆ? ಒಂದೊಂದು ಮೆಟ್ಟಿಲನ್ನು ಒಂಬತ್ತು ಇಂಚಿಗೆ ಏರಿಸುತ್ತಾನೆ. ಆಮೇಲೆ ಮೊಣಕಾಲು ನೋವಿನ ಅವ್ವ ಮಹಡಿ ಹತ್ತುವುದನ್ನೇ ಬಿಡುತ್ತಾಳೆ. ನಮ್ಮೂರುಗಳಲ್ಲಿ ಇಂಥ ಮೆಟ್ಟಿಲಿನ ಮನೆಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ಸಾವಿರದ ಇನ್ನೂರು ರೂಪಾಯಿ ಉಳಿಸಿ ಕಟ್ಟಿಕೊಂಡ ಮೆಟ್ಟಿಲು ಅದು, ಮನೆ ಇರುವವರೆಗೂ ಹಾಗೇ ಇರುತ್ತದೆ.

ಸಂಬಂಧಿಕರ ಮಗಳು, ಓಣಿಯ ಹುಡುಗ ಎಂದು ಕೇಳಬೇಡಿ ಎನ್ನುತ್ತಿಲ್ಲ. ಕೇಳಿ, ಅವರಿಗೂ ಕೆಲಸ ಬೇಕು. ಕೇಳುವಾಗಲೇ "ಎಷ್ಟಾಗ್ತೈತಿ ತಂಗಿ?" ಎಂದೂ ಕೇಳಿ. ಅವರು ಸಂಕೋಚಪಟ್ಟು ಬೇಡ ಎಂದರೂ ಕೊಡಿ. ಮುಯ್ಯಿ ಎಂದು ಮದುವೆಯಲ್ಲಿ ಬರೆಸುವ ನಾವು, ಹನ್ನೆರಡು ತಾಸು ಕಣ್ಣು ಕೀಲಿಸಿ ಕುಳಿತ ಮಗುವಿನ ದುಡಿಮೆಗೆ ಕೊಡಲಾರೆವೇ? ಆ ದುಡ್ಡಿನಲ್ಲಿ ಅದರ ಮುಂದಿನ ಸಬ್ಮಿಷನ್ನಿನ ಪ್ರಿಂಟು ಬರುತ್ತದೆ.

ತಾಲ್ಲೂಕು ಊರಿನ ಎಂಜಿನಿಯರ್‌ಗಳಿಗೂ ಒಂದು ವಿನಂತಿ. ನಿಮ್ಮ ಬೋರ್ಡಿನ ಕೆಳಗೆ ಒಂದು ಸಾಲು ಬರೆಸಿ: "ವಿದ್ಯಾರ್ಥಿಗಳಿಗೆ ರಜೆಯಲ್ಲಿ ಡ್ರಾಯಿಂಗ್ ಕೆಲಸ ಇದೆ, ಹಾಳೆ ಲೆಕ್ಕದಲ್ಲಿ ಹಣ ಕೊಡಲಾಗುವುದು." ಅದನ್ನು ಓದಿ ಮೆಟ್ಟಿಲು ಹತ್ತಿ ಬರುವವರು ನಿಮ್ಮ ತಾಲ್ಲೂಕಿನ ಮಣ್ಣು, ಮಳೆ, ಮನೆ ಬಲ್ಲವರು. ಐದು ವರ್ಷ ಓದಿ ಮುಗಿಸಿದ ಮೇಲೆ ಅವರಲ್ಲಿ ಒಬ್ಬಿಬ್ಬರಾದರೂ ಬೆಂಗಳೂರಿಗೆ ಹೋಗದೆ ಇಲ್ಲೇ ಕಚೇರಿ ತೆರೆದರೆ, ಹಳ್ಳಿಯ ಮನೆಗೂ ಒಬ್ಬ ಆರ್ಕಿಟೆಕ್ಟ್ ಸಿಕ್ಕಂತಾಗುತ್ತದೆ. ಇವತ್ತಿನವರೆಗೆ ಅದು ನಮ್ಮ ಯಾವ ಹಳ್ಳಿಗೂ ಎಟುಕದ ಮಾತಾಗಿತ್ತು.

ರಜೆ ಶುರುವಾಗುವ ಹೊತ್ತಿಗೆ ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಮಗು ಊರಿಗೆ ಬರುತ್ತದೆ. ಇದನ್ನು ಅದರ ಮೊಬೈಲ್‌ಗೆ ಕಳಿಸಿ. ಕೆಲಸ ಇದ್ದರೆ ಕೆಲಸ ಕೊಡಿ, ದರ ಮಾತಾಡಿ ಕೊಡಿ.